ಮಂಚದಿಂದ ಕಂಡ ತಟ್ಟೆ

ಅಕ್ಟೋಬರ್ ಮೊದಲ ವಾರ ದೇವರಾಜು ಹಾಸನದ ಆಸ್ಪತ್ರೆಯಿಂದ ನುಗ್ಗೇಹಳ್ಳಿಗೆ ವಾಪಸಾದರು. ಆ ವರ್ಷ ಅದು ಮೂರನೇ ಸಲ. ಹೃದಯ ಸೋತಿತ್ತು. ಕಾಲು ಊದಿಕೊಳ್ಳುತ್ತಿತ್ತು, ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಆಸ್ಪತ್ರೆಯಲ್ಲಿ ಇಳಿಸಿಕೊಂಡು ಮನೆಗೆ ಬಂದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಪಾಡು. ಈ ಸಲ ಡಾಕ್ಟರು ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಎರಡು ದಾರಿ ಹೇಳಿದರು. ಹೀಗೇ ಆಗಾಗ ದಾಖಲು ಮಾಡುವುದು ಒಂದು. ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟು, ಆದಷ್ಟು ಹಾಯಾಗಿ ನೋಡಿಕೊಳ್ಳುವುದು ಇನ್ನೊಂದು. ಪೂರ್ತಿ ಗುಣವಾಗುವುದು ಎರಡರಲ್ಲೂ ಇರಲಿಲ್ಲ.

ಮಗ ಕಾಂತರಾಜು ಮೊದಲನೆಯದಕ್ಕೆ ತಲೆಯಾಡಿಸಿದ. ದೇವರಾಜು ಎರಡನೆಯದಕ್ಕೆ.

"ಸ್ವಲ್ಪ ಯೋಚ್ನೆ ಮಾಡಪ್ಪ," ಎಂದ ಕಾಂತರಾಜು.

"ಮಾಡಿ ಆಗೈತೆ. ಅಮೇರಿಕದಲ್ಲಿ ಒಬ್ಬ ಅಧ್ಯಕ್ಷ ಅವ್ನೆ ಕಣ್ಲಾ. ಮಾಜಿ. ಆಸ್ಪತ್ರೆ ಸಾಕು ಅಂದ್ಬುಟ್ಟು ಫೆಬ್ರವರಿಯಿಂದ ಮನೇಲೇ ಅವ್ನೆ. ಮೊನ್ನೆ ತೊಂಬತ್ತೊಂಬತ್ತು ತುಂಬ್ತಂತೆ."

"ಅವ್ರು ಅಮೇರಿಕಾ ಅಧ್ಯಕ್ಷರು. ನೀನು ಡೇರಿ ಅಧ್ಯಕ್ಷ."

"ಇಬ್ರೂ ಮಾಜಿ ತಾನೆ? ನಡಿ."

ದೇವರಾಜು ಊರಿನ ಹಾಲು ಉತ್ಪಾದಕರ ಸಂಘಕ್ಕೆ ಎರಡು ಅವಧಿ ಅಧ್ಯಕ್ಷರಾಗಿದ್ದವರು. ಆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಊರಲ್ಲಿ ಅವರು ಅಧ್ಯಕ್ಷರೇ, ಹೆಂಡತಿ ಸುಬ್ಬಮ್ಮ ಅಧ್ಯಕ್ಷರ ಮನೆಯವರೇ.

ಅಮೆರಿಕದ ಸುದ್ದಿಯನ್ನು ಅವರಿಗೆ ಓದಿ ಹೇಳಿದವಳು ಮೊಮ್ಮಗಳು ಧನ್ಯಾ, ಕಾಂತರಾಜುವಿನ ಮಗಳು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಆಸ್ಪತ್ರೆಯಲ್ಲಿ ತಾತನ ಪಕ್ಕ ಕೂತು ಪತ್ರಿಕೆ ತಿರುವುವಾಗ ಒಳಪುಟದಲ್ಲಿ ಅದು ಸಿಕ್ಕಿತ್ತು. ಜಿಮ್ಮಿ ಕಾರ್ಟರ್ ಎಂದು ಹೆಸರು. ಕಡಲೆಕಾಯಿ ಬೆಳೆಯುತ್ತಿದ್ದವರು. ಅಧಿಕಾರ ಹೋದ ಮೇಲೆ ಗಂಡ ಹೆಂಡತಿ ಹುಟ್ಟೂರಿಗೆ, ಮೊದಲಿದ್ದ ಮನೆಗೇ ಮರಳಿದವರು. ಮದುವೆಯಾಗಿ ಎಪ್ಪತ್ತೇಳು ವರ್ಷ.

"ಯೆಂಡ್ತಿ ಅವ್ಳಾ?" ಎಂದು ದೇವರಾಜು ಕೇಳಿದ್ದರು.

"ಇದಾರೆ ತಾತ. ರೊಸಾಲಿನ್ ಅಂತ. ಅವ್ರಿಗೆ ಮರೆವಿನ ಕಾಯಿಲೆಯಂತೆ."

"ಇಬ್ರೂ ಒಂದೇ ಮನೇಲಾ?"

"ಒಂದೇ ಮನೇಲಿ."

"ಅಂಗಾರೆ ಸರಿ ಬುಡು," ಎಂದಿದ್ದರು ದೇವರಾಜು. ಅವರ ತೀರ್ಮಾನ ಆಗಿದ್ದು ಆಗಲೇ.

ಮನೆಯಲ್ಲಿ ಅವರ ಮಂಚವನ್ನು ಕೋಣೆಯಿಂದ ನಡುಮನೆಗೆ ತಂದರು. ಕಿಟಕಿಯ ಗಾಳಿ ಬರಲಿ, ಕರೆದರೆ ಯಾರಿಗಾದರೂ ಕೇಳಿಸಲಿ ಎಂದು ಸೊಸೆ ಆಶಾರಾಣಿಯೇ ಜಾಗ ಗುರುತಿಸಿದಳು. ಅಲ್ಲಿ ಮಲಗಿದರೆ ಎದುರಿಗೆ ಅಡುಗೆಮನೆ ಬಾಗಿಲು. ಡಾಕ್ಟರು ಉಪ್ಪು ಬಿಡಿಸಿದ್ದರು, ನೀರಿಗೂ ಮಿತಿ ಹಾಕಿದ್ದರು. ಆಶಾರಾಣಿ ಬೆಳಿಗ್ಗೆ ಒಂದು ಬಾಟಲಿ ನೀರು ತುಂಬಿಸಿ ಮಂಚದ ಪಕ್ಕ ಇಡುತ್ತಿದ್ದಳು. ದಿನಕ್ಕೆ ಅಷ್ಟೇ. ಸಾರು ಎರಡು ಪಾತ್ರೆಯಲ್ಲಿ ಆಗುತ್ತಿತ್ತು, ಮನೆಯವರಿಗೊಂದು, ಉಪ್ಪಿಲ್ಲದ್ದು ಮಾವನಿಗೊಂದು.

"ಇದೇನವ್ವ, ಹಸೀಗೆ ಇಡೋ ಕಲಗಚ್ಚು ಇದ್ದಂಗೈತೆ," ಎನ್ನುತ್ತಿದ್ದರು ದೇವರಾಜು.

"ಹಸು ಗಲಾಟೆ ಮಾಡ್ದೆ ಕುಡೀತದೆ ಮಾವ," ಎನ್ನುತ್ತಿದ್ದಳು ಆಶಾರಾಣಿ.

ಅಷ್ಟರಲ್ಲಿ ಸುದ್ದಿ ಹರಡಿತ್ತು. 'ಡಾಕ್ಟ್ರು ಮನೆಗೆ ಕರ್ಕೊಂಡೋಗಿ ಅಂದ್ಬುಟ್ರಂತೆ' ಎಂಬ ಮಾತಿಗೆ ಆ ಕಡೆ ಒಂದೇ ಅರ್ಥ. ಮಾರನೆಯ ದಿನ ಮಧ್ಯಾಹ್ನ ದೇವರಾಜುವಿನ ಅಕ್ಕ ಲಕ್ಕಮ್ಮ ಅರಕಲಗೂಡಿನಿಂದ ಬಸ್ಸು ಬದಲಾಯಿಸಿಕೊಂಡು ಬಂದಿಳಿದರು. ತಮ್ಮನ ಬಾಯಿಗೆ ತಮ್ಮ ಕೈಯಿಂದಲೇ ಕೊನೆಯ ಹಾಲು ಬಿಡಬೇಕೆಂದು ಹಿಡಿಕೆ ಇರುವ ಸ್ಟೀಲಿನ ಉಗ್ಗದಲ್ಲಿ ಹಾಲು ತಂದಿದ್ದರು, ಸೆರಗಿನ ತುದಿಯಲ್ಲಿ ತುಳಸಿ ಕುಡಿ ಕಟ್ಟಿಕೊಂಡಿದ್ದರು. ಗೇಟಿನಿಂದಲೇ ಅಳು ಶುರುವಾಗಿತ್ತು.

"ಅಯ್ಯೋ ನನ್ನ ದೇವಾ, ನನ್ನ ಬುಟ್ಟು ಒಂಟೋದೇನಪ್ಪಾ..."

ದೇವರಾಜು ಮಂಚದ ಮೇಲೆ ಕೂತು ಮುದ್ದೆಯ ತುತ್ತನ್ನು ಬಸ್ಸಾರಿಗೆ ಅದ್ದುತ್ತಿದ್ದರು. ತುತ್ತು ನುಂಗಿ ಅಕ್ಕನ ಕಡೆ ನೋಡಿದರು.

"ಬಾ ಅಕ್ಕ. ಊಟ ಮಾಡು."

ಲಕ್ಕಮ್ಮನ ಅಳು ಅರ್ಧಕ್ಕೇ ನಿಂತಿತು. "ಮತ್ತೆ, ಹಾಲು ತಂದಿವ್ನಲ್ಲಾ?"

"ಕೊಡು, ಕಾಪಿ ಕಾಯ್ಸುಸ್ತೀನಿ. ನಂಗೆ ಅರ್ಧ ಲೋಟ."

ಆ ಹಾಲಿನಲ್ಲೇ ಕಾಫಿಯಾಯಿತು. ಲಕ್ಕಮ್ಮ ಎರಡು ದಿನ ಇದ್ದು, ತುಳಸಿಯನ್ನು ಹಿತ್ತಲಲ್ಲಿ ನೆಟ್ಟು ಹೋದರು. ಅವರ ಹಿಂದೆ ಉಳಿದ ನೆಂಟರೂ ಬಂದರು. ರೋಗಿಯ ಬಾಯಾಸೆ ತೀರಿಸಬೇಕೆಂದು ಒಬ್ಬರು ಒಬ್ಬಟ್ಟು, ಒಬ್ಬರು ಕಜ್ಜಾಯ, ಒಬ್ಬರು ನಾಟಿ ಕೋಳಿ ಸಾರು ತಂದರು. ಬಂದವರಿಗೆಲ್ಲ ಎಲೆ ಹಾಕಿ, ಕಾಫಿ ಕೊಟ್ಟು, ಪಾತ್ರೆ ತೊಳೆದು ಕೊಟ್ಟು ಕಳಿಸುವ ಕೆಲಸ ಸುಬ್ಬಮ್ಮ ಮತ್ತು ಆಶಾರಾಣಿಯದು. ದೇವರಾಜು ಎಲ್ಲವನ್ನೂ ಚಿಟಿಕೆಯಷ್ಟು ತಿಂದರು. ಸಾಯಲಿಲ್ಲ.

ದೀಪಾವಳಿಗೆ ಮಗಳು ಪ್ರೇಮಕುಮಾರಿ ಹೊಳೆನರಸೀಪುರದಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದಳು.

"ಅಪ್ಪನ್ನ ಇಲ್ಲಿ ಮಲಗ್ಸಿ ಸಾಯೋದ್ನ ಕಾಯ್ತಿದೀಯಾ ಕಾಂತಣ್ಣ? ನಮ್ಮ ಕಡೆ ಜನ ಏನಂತಾರೆ ಗೊತ್ತಾ? ಆಸ್ಪತ್ರೆಗೆ ಖರ್ಚು ಮಾಡೋಕೆ ಆಗ್ದೆ ತಂದ್ಬುಟ್ರು ಅಂತಾರೆ."

"ಅಪ್ಪನ್ನೇ ಕೇಳು. ನಾನು ಬೇಡ ಅಂದೆ."

"ಅವ್ರು ಹೇಳ್ತಾರೆ, ನೀನು ಕೇಳ್ಬುಡ್ತೀಯ. ಹೊಲ ಮಾರು ಅಂದ್ರೂ ಇಂಗೇ ಕೇಳ್ತಿದ್ದಾ?"

"ನೋಡು ಪ್ರೇಮ, ಬಾಯಿಗೆ ಬಂದಂಗೆ ಮಾತಾಡ್ಬೇಡ..."

ಸುಬ್ಬಮ್ಮ ನಡುವೆ ಬಂದು ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡರು. "ಮೊದ್ಲು ಕೈಕಾಲು ತೊಳ್ಕೊ. ಕಡುಬು ಆಗೈತೆ. ತಿಂದ್ಕೊಂಡು ಜಗಳ ಆಡಿರಂತೆ."

ಮಂಚದಿಂದ ದೇವರಾಜು ಹೇಳಿದರು: "ಪ್ರೇಮಾ, ನಾನು ಇನ್ನೂ ಇವ್ನಿ ಕಣವ್ವ. ನನ್ನ ಇಸ್ಯ ನನ್ನುನ್ನೇ ಕೇಳು. ಆಸ್ಪತ್ರೇಲಿ ನಿಮ್ಮವ್ವ ಬೆಂಚಿನ ಮ್ಯಾಲೆ ಮಲಗ್ತಿದ್ಲು. ಇಲ್ಲಿ ಇಬ್ರಿಗೂ ಮಂಚ ಐತೆ. ಮುಗೀತು."

ಪ್ರೇಮಕುಮಾರಿ ಕಣ್ಣೊರೆಸಿಕೊಂಡು ಕಡುಬು ತಿಂದಳು. ಆದರೂ ಹೋಗುವಾಗ ಅಣ್ಣನ ಹತ್ತಿರ ಮಾತಾಡಲಿಲ್ಲ.

ದೇವರಾಜು ಮಂಚ ಹಿಡಿದ ಮೇಲೆ ಆ ಮನೆಯ ಮಧ್ಯಾಹ್ನಗಳನ್ನು ಮೊದಲ ಬಾರಿಗೆ ನೋಡತೊಡಗಿದ್ದರು. ಮದುವೆಯಾದಾಗಿನಿಂದ ಅವರದು ಒಂದೇ ಕ್ರಮ. ಮನೆಯಲ್ಲಿ ಮೊದಲ ತಟ್ಟೆ ಅವರದು. ಉಂಡು ಕೈ ತೊಳೆದು ತೆಂಗಿನ ತೋಟಕ್ಕೋ ಡೇರಿಗೋ ಹೊರಟುಬಿಡುವರು. ಆಮೇಲೆ ಮಗ, ಮೊಮ್ಮಗಳು, ಸೊಸೆ, ಬಂದವರು ಇದ್ದರೆ ಬಂದವರು. ಎಲ್ಲರದೂ ಮುಗಿದು, ಹಸುವಿಗೆ ನೀರಿಟ್ಟು ಬಂದ ಮೇಲೆ ಸುಬ್ಬಮ್ಮ ಅಡುಗೆಮನೆ ಗೋಡೆಗೆ ಒರಗಿ ತಟ್ಟೆ ಹಾಕಿಕೊಳ್ಳುವರು. ಅಷ್ಟು ಹೊತ್ತಿಗೆ ಕಾಂತರಾಜು ಕೊಬ್ಬರಿ ವ್ಯಾಪಾರಕ್ಕೆ ಹೋಗಿರುತ್ತಿದ್ದ, ಆಶಾರಾಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸುಬ್ಬಮ್ಮ ಊಟ ಮಾಡುವುದನ್ನು ಆ ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ.

ಈಗ ದೇವರಾಜು ನೋಡುತ್ತಿದ್ದರು. ಮೊದಲು ಕಂಡಿದ್ದು ತಟ್ಟೆಯಲ್ಲ, ಚೊಂಬು. ತಮ್ಮ ನೀರಿಗೆ ಮಿತಿ ಬಿದ್ದಾಗಿನಿಂದ ಇನ್ನೊಬ್ಬರು ಕುಡಿಯುವ ನೀರಿನ ಮೇಲೆಯೇ ಅವರ ಕಣ್ಣು. ಸುಬ್ಬಮ್ಮ ತುತ್ತಿಗೊಮ್ಮೆ ಚೊಂಬು ಎತ್ತುತ್ತಿದ್ದರು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ಸುಬ್ಬಮ್ಮ ಅದನ್ನು ಅಗಿಯುತ್ತಿದ್ದರು. ಅಗಿದು, ನೀರು ಕುಡಿದು, ಕುತ್ತಿಗೆ ಮುಂದೆ ಚಾಚಿ, ಕಣ್ಣು ಮುಚ್ಚಿ ಇಳಿಸುತ್ತಿದ್ದರು. ಎರಡು ತುತ್ತಾದ ಮೇಲೆ ಉಳಿದದ್ದನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದರು. ಅದೂ ಆಗದಿದ್ದರೆ ಹಸುವಿನ ಬಾನಿಗೆ ಸುರಿದು ಬರುತ್ತಿದ್ದರು.

"ಯಾಕೆ ಸುಬ್ಬಿ, ಮುದ್ದೆ ಇಳೀತಿಲ್ವಾ?"

ಸುಬ್ಬಮ್ಮ ಬೆಚ್ಚಿ ಬಾಗಿಲ ಕಡೆ ನೋಡಿದರು. "ನೀವು ಮಲಗಿಲ್ವಾ? ಅಲ್ಲುನೋವು."

"ಯಾವತ್ತಿಂದ?"

"ಈಗ ಈಗ."

ಸಂಜೆ ದೇವರಾಜು ಸೊಸೆಯನ್ನು ಕರೆದರು. "ಆಶಾ, ನಿಮ್ಮತ್ತೆ ಸರಿಯಾಗಿ ಉಣ್ತಾವ್ಳಾ?"

"ಉಣ್ತಾರಲ್ಲ ಮಾವ." ಆಶಾರಾಣಿ ಸ್ವಲ್ಪ ಯೋಚಿಸಿದಳು. "ನಾನು ನೋಡಿಲ್ಲ. ನಮ್ದೆಲ್ಲ ಆದ್ಮೇಲೆ ತಾನೆ ಅವ್ರು ಕೂರೋದು? ಕರೆದ್ರೂ ಬರಲ್ಲ. ರವಿಕೆ ಲೂಸಾಗೈತೆ ಅಂತ ಹೋದ ತಿಂಗ್ಳು ಹೊಲ್ಕೊಟ್ಟೆ. ನಿಮ್ಮನ್ನ ನೋಡ್ಕೊಂಡು ಬಳಲವ್ರೆ ಅಂದ್ಕೊಂಡೆ."

ಮರುದಿನ ದೇವರಾಜು ತಮ್ಮ ತಟ್ಟೆ ಮುಟ್ಟಲಿಲ್ಲ.

"ಯಾಕೆ ಉಣ್ತಿಲ್ಲ?" ಎಂದರು ಸುಬ್ಬಮ್ಮ.

"ನಿಂದೂ ತಗೊಂಡು ಬಾ. ಇಲ್ಲೇ ಕೂತ್ಕೊ."

"ನಿಮ್ದು ಆಗ್ಲಿ."

"ನಿನ್ನ ತಟ್ಟೆ ಬಂದ್ರೆ ನಂದು. ಇಲ್ದಿದ್ರೆ ಇದೂ ಹಸೀಗೆ ಓಗ್ಲಿ."

"ಅಯ್ಯೋ, ಸೊಸೆ ಮುಂದೆ ಏನಿದು ನಿಮ್ದು? ನಗ್ತಾಳೆ."

"ನಾನು ನಗಲ್ಲ ಅತ್ತೆ," ಎಂದಳು ಆಶಾರಾಣಿ ಒಳಗಿನಿಂದ. ತಾನೇ ತಟ್ಟೆ ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

ಸುಬ್ಬಮ್ಮ ನಾಚಿಕೊಂಡು ಕೂತರು. ತುತ್ತು ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟರು. ಎಲ್ಲರೂ ನೋಡುತ್ತಿದ್ದುದರಿಂದ ಅಗಿಯದೆ ನುಂಗಲು ಹೋದರು. ಅದು ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ಬಂತು, ಕೈ ಎದೆ ಮೇಲೆ ಹೋಯಿತು. ಆಶಾರಾಣಿ ಬೆನ್ನು ತಟ್ಟಿ ಚೊಂಬು ಹಿಡಿದಳು. ಬಹಳ ಹೊತ್ತಿನ ಮೇಲೆ ಉಸಿರು ಸರಿಹೋಯಿತು.

"ಅಲ್ಲುನೋವಾ?" ಎಂದರು ದೇವರಾಜು.

ಸುಬ್ಬಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ಕಾಂತರಾಜು ಹೇಳಿದ: "ನಾಳೆ ಹಾಸನಕ್ಕೆ ಹೋಗೋಣ ಕಣವ್ವ. ಬೆಳಿಗ್ಗೆ ಹೋಗಿ ಸಾಯಂಕಾಲ ಬರೋದು."

"ಅಪ್ಪನ್ನ ಬುಟ್ಟಾ? ಆಗಾಕಿಲ್ಲ."

"ಆಶಾ ಇರ್ತಾಳೆ."

"ನಾನು ಒಂದಿನ ಇಲ್ದಿದ್ದಾಗ್ಲೇ ಏನಾರ ಆದ್ರೆ? ಆಮ್ಯಾಕೆ ಜೀವಮಾನ ಪೂರ್ತಿ ಕೊರಗ್ತಿರ್ಬೇಕಾ?"

"ನಿಂಗೆ ಏನಾರ ಆದ್ರೆ?"

"ನಂಗೇನಾಯ್ತದೆ? ಅಪ್ಪಂದು ಆಗ್ಲಿ, ಆಮ್ಯಾಕೆ ನೋಡಾಣ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಎಲ್ಲರಿಗೂ ಹೊಳೆಯಿತು. ಕಾಂತರಾಜು ತಟ್ಟೆಯಲ್ಲೇ ಕೈ ತೊಳೆದ. ಸುಬ್ಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ದೇವರಾಜು ಮಾತ್ರ ಸಮಾಧಾನವಾಗಿಯೇ ಇದ್ದರು. "ಅವ್ಳು ಸುಳ್ಳೇಳ್ಳಿಲ್ಲ ಬುಡ್ಲಾ," ಎಂದರು.

ಅದೇ ವಾರ ಧನ್ಯಾ ಪತ್ರಿಕೆಯ ಒಂದು ಸುದ್ದಿ ಓದದೆ ಬಿಟ್ಟಳು. ನವೆಂಬರ್ ಹತ್ತೊಂಬತ್ತರಂದು ರೊಸಾಲಿನ್ ಕಾರ್ಟರ್ ತೀರಿಕೊಂಡಿದ್ದರು. ತೊಂಬತ್ತಾರು ವರ್ಷ. ಧನ್ಯಾ ಬಸ್ಸಿನಲ್ಲೇ ಅದನ್ನು ಓದಿ, ಮನೆಗೆ ಬಂದು ಬೇರೆ ಪುಟ ಓದಿ ಹೇಳಿ, ಪತ್ರಿಕೆಯನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಳು. ತಾತನಿಗೆ ಆ ದಂಪತಿಯ ಮೇಲೆ ಎಂಥ ಅಕ್ಕರೆ ಹುಟ್ಟಿತ್ತೆಂದು ಅವಳಿಗೆ ಗೊತ್ತಿತ್ತು. ವಾರಕ್ಕೊಮ್ಮೆ 'ನಮ್ಮ ಕಡ್ಲೇಕಾಯಿ ಅಧ್ಯಕ್ಷ ಎಂಗವ್ನೆ?' ಎಂದು ಕೇಳುತ್ತಿದ್ದರು. 'ಚೆನ್ನಾಗಿದಾರೆ' ಎನ್ನುತ್ತಿದ್ದಳು.

ತಿಂಗಳ ಕೊನೆಗೆ ಪತ್ರಿಕೆಯಲ್ಲಿ ಚಿತ್ರ ಬಂತು. ಆ ದಿನ ಧನ್ಯಾ ಅದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಲು ಮರೆತಿದ್ದಳು. ದೇವರಾಜು ಕನ್ನಡಕ ಹಾಕಿಕೊಂಡು ತಾವೇ ನೋಡಿದರು. ಒರಗುವ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ, ಮೈ ಪೂರ್ತಿ ಸೊರಗಿದೆ, ಮೇಲೆ ಹೊದಿಕೆ.

"ಧನ್ಯಾ. ಇವ್ನೇ ಅಲ್ವಾ?"

ಧನ್ಯಾ ಪತ್ರಿಕೆ ತೆಗೆದುಕೊಳ್ಳಲು ಕೈ ಚಾಚಿದಳು.

"ಓದು. ನಂಗೇನೂ ಆಗಾಕಿಲ್ಲ."

ಅವಳು ಓದಿದಳು. ಹೆಂಡತಿಯ ಸ್ಮರಣೆಯ ಪ್ರಾರ್ಥನೆಗೆ ಮಾಜಿ ಅಧ್ಯಕ್ಷರು ಬಂದಿದ್ದರು. ಹೊದಿಕೆಯ ಮೇಲೆ ಇದ್ದದ್ದು ಹೆಂಡತಿಯ ಚಿತ್ರ.

"ಮೊದ್ಲು ಕೊನೇಗಾಲ ಅಂದಿದ್ದು ಅವ್ನಿಗೆ ಅಲ್ವೇನವ್ವ? ಫೆಬ್ರವರಿಲಿ?"

"ಹೂಂ ತಾತ. ಅವ್ರ ಹೆಂಡ್ತಿಗೆ ಮನೇಲೇ ಆರೈಕೆ ಶುರುವಾಗಿದ್ದು ನವೆಂಬರ್‌ನಲ್ಲಿ. ಎರಡೇ ದಿನಕ್ಕೆ ತೀರ್ಕೊಂಡ್ರು."

ದೇವರಾಜು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಅಡುಗೆಮನೆಯಲ್ಲಿ ಸುಬ್ಬಮ್ಮ ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಮನೆ ಬುಟ್ಟು ಬರಲ್ಲ ಅಂದಿದ್ದೋನು ಯೆಂಡ್ತಿಗೋಸ್ಕರ ಎದ್ದು ಬಂದವ್ನೆ," ಎಂದರು. "ಪಾಪ, ಅವ್ಳು ಓದ್ಮೇಲೆ ಬಂದ. ನಾನು ನಮ್ಮ ಸುಬ್ಬಿ ಇರೋವಾಗ್ಲೇ ಅವ್ಳ ಜೊತೆ ಎದ್ದು ಓಯ್ತೀನಿ. ನಿಮ್ಮಪ್ಪನ್ನ ಕರಿ."

ಕಾಂತರಾಜುವಿಗೆ ಮೊದಲು ಅರ್ಥವಾಗಲಿಲ್ಲ. "ಆಸ್ಪತ್ರೆಗಾ? ನೀನೇ ತಾನೆ ಇನ್ನು ಆ ಮೆಟ್ಲು ಹತ್ತಲ್ಲ ಅಂದಿದ್ದು?"

"ಹತ್ತಾಕಿಲ್ಲ. ಗಾಲಿಕುರ್ಚಿಲಿ ಕೂರ್ಸ್ಕೊಂಡು ಓಗು. ಅವ್ಳು ನನ್ನ ಬುಟ್ಟು ಬರಲ್ಲ ಅಂದ್ಲು. ಅಂಗಾರೆ ನಾನೂ ಬತ್ತೀನಿ. ಈಗ ಏನ್ ಯೋಳ್ತಾಳೆ ಕೇಳು."

ಸುಬ್ಬಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಒಂದೊಂದೇ ನೆಪ ತೆಗೆದರು. "ದಾರೀಲಿ ಉಸ್ರು ಕಟ್ಟಿದ್ರೆ?"

"ಆಸ್ಪತ್ರೆಗೇ ಅಲ್ವಾ ಓಗ್ತಿರೋದು?"

"ಹಸು?"

"ಹಸುನೂ ಕರ್ಕೊ," ಎಂದರು ದೇವರಾಜು. ಸುಬ್ಬಮ್ಮನಿಗೆ ನಗು ಬಂದುಬಿಟ್ಟಿತು.

ಫೋನಿನಲ್ಲಿ ವಿಷಯ ತಿಳಿದ ಪ್ರೇಮಕುಮಾರಿ ಬೆಳಿಗ್ಗೆಯೇ ಹೊಳೆನರಸೀಪುರದಿಂದ ಹೊರಟು ಹಾಸನದ ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿದ್ದಳು. ಕಾಂತರಾಜು ಕಾರು ನಿಲ್ಲಿಸುತ್ತಲೇ ಹಿಂದಿನ ಬಾಗಿಲು ತೆಗೆದು ಅಪ್ಪನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಲು ಅಣ್ಣನ ಜೊತೆ ಕೈಜೋಡಿಸಿದಳು. ದೀಪಾವಳಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. "ತಿಂಡಿ ತಿಂದ್ಯಾ?" ಎಂದ ಕಾಂತರಾಜು. "ಇನ್ನೂ ಇಲ್ಲ," ಎಂದಳು.

ಒಳಗೆ ನರ್ಸ್ ನೇರವಾಗಿ ಗಾಲಿಕುರ್ಚಿಯ ಹತ್ತಿರ ಬಂದಳು. "ತಾತ, ಖಾಲಿ ಹೊಟ್ಟೇಲಿ ಇದೀರಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?"

"ನಾನು ಎರಡು ಇಡ್ಲಿ ತಿಂದಿವ್ನಿ ಕಣವ್ವ. ಖಾಲಿ ಹೊಟ್ಟೆ ಅವ್ಳದ್ದು. ಇವತ್ತಿಂದಲ್ಲ, ಶ್ಯಾನೆ ದಿನದಿಂದ."

ನರ್ಸ್ ಪಕ್ಕದಲ್ಲಿ ನಿಂತಿದ್ದ ಸುಬ್ಬಮ್ಮನನ್ನು ಆಗ ನೋಡಿದಳು. "ಹಾಗಾದ್ರೆ ನೀವು?"

"ನಾನು ಅವ್ಳ ಜೊತೆಗೆ ಬಂದೋನು."

ಸುಬ್ಬಮ್ಮ ಪರೀಕ್ಷೆಯ ಕೋಣೆಗೆ ಹೋಗುವ ಮೊದಲು ಕಿವಿಯ ಓಲೆ, ಬಳೆ ಬಿಚ್ಚಿ ಪ್ರೇಮಕುಮಾರಿಗೆ ಕೊಟ್ಟರು. ಕರಿಮಣಿ ಸರವನ್ನು ಮಾತ್ರ ಗಂಡನ ಕೈಯಲ್ಲಿ ಹಾಕಿದರು. ಸಾಲದ್ದಕ್ಕೆ ಸೊಸೆ ಕೊಟ್ಟಿದ್ದ ನೀರಿನ ಬಾಟಲಿಯನ್ನೂ ಅವರ ತೊಡೆಯ ಮೇಲಿಟ್ಟು, "ಇಷ್ಟೇ, ಸಾಯಂಕಾಲದ ತಂಕ," ಎಂದು ಎಚ್ಚರಿಸಿದರು. ಬಾಗಿಲು ಮುಚ್ಚಿತು. ದೇವರಾಜು ಸರವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲೆ ಅಂಗೈ ಇಟ್ಟುಕೊಂಡರು. ಬಾಗಿಲು ತೆರೆಯುವವರೆಗೂ ನೀರು ಮುಟ್ಟಲಿಲ್ಲ.

ಡಾಕ್ಟರು ಹೆಂಗಸು, ಬಿಡಿಸಿ ಹೇಳುವವರು. ಅನ್ನನಾಳದ ಮೇಲ್ಭಾಗದಲ್ಲಿ ತೆಳ್ಳಗಿನ ಪೊರೆಯೊಂದು ಬೆಳೆದು ದಾರಿ ಕಿರಿದಾಗಿತ್ತು. ಬಹಳ ಕಾಲದಿಂದ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವ ಹೆಂಗಸರಲ್ಲಿ ಇದು ಬರುವುದುಂಟು. ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗುವ ಅಪಾಯವೂ ಇದೆ. ಈಗ ಕ್ಯಾಮೆರಾ ಇಳಿಸಿ ನೋಡಿ ದಾರಿ ಹಿಗ್ಗಿಸಲಾಗಿದೆ. ಒಂದು ಚೂರು ಪರೀಕ್ಷೆಗೆ ಹೋಗಿದೆ. ರಕ್ತ ತೀರಾ ಕಡಿಮೆ ಇದೆ, ಕಬ್ಬಿಣಾಂಶದ ಡ್ರಿಪ್ ಹಾಕಬೇಕು.

"ಸರಿಯಾಗಿ ಊಟ ಮಾಡಲ್ವೇನಮ್ಮ?" ಎಂದು ಡಾಕ್ಟರು ಕೇಳಿದರು.

"ಮಾಡ್ತೀನಿ ಡಾಕ್ಟ್ರೇ. ಎಲ್ಲಾರ್ದೂ ಆದ್ಮೇಲೆ ಮಾಡ್ತೀನಿ," ಎಂದರು ಸುಬ್ಬಮ್ಮ.

ಕಾಂತರಾಜು ಗೋಡೆಯ ಕಡೆ ನೋಡಿದ. ಪ್ರೇಮಕುಮಾರಿ ಅಮ್ಮನ ಕೈಗೆ ಬಳೆ ತೊಡಿಸುತ್ತಿದ್ದಳು. ಬಳೆ ಮೊಣಕೈವರೆಗೂ ಸರಾಗವಾಗಿ ಜಾರಿತು.

ಪರೀಕ್ಷೆಗೆ ಕಳಿಸಿದ ಚೂರಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಮುಂದಿನ ವಾರ ಫೋನು ಬಂತು. ಸುದ್ದಿ ಕೇಳಿ ಅರಕಲಗೂಡಿನಿಂದ ಲಕ್ಕಮ್ಮ ಮತ್ತೆ ಬಂದರು. ಈ ಸಲ ಉಗ್ಗ ಇರಲಿಲ್ಲ, ಚೀಲದ ತುಂಬ ಸೊಗಡಿನ ಅವರೆಕಾಯಿ ಇತ್ತು. ಮಧ್ಯಾಹ್ನವೆಲ್ಲ ಹೆಂಗಸರು ಕೂತು ಕಾಯಿ ಸುಲಿದು ನೆನೆಹಾಕಿದರು. ಸಂಜೆ ಧನ್ಯಾ ಕಾಲೇಜಿನಿಂದ ಬಂದು ಕಾಳು ಹಿಸುಕಲು ಕೂತಳು. ಅರ್ಧದಷ್ಟು ಕಾಳು ಬೆರಳಿನಿಂದ ಚಿಮ್ಮಿ ತಾತನ ಮಂಚದ ಕೆಳಗೆ ಹೋದವು.

"ಕಾಮರ್ಸ್‌ನಲ್ಲಿ ಇದ್ನ ಕಲ್ಸಾಕಿಲ್ವೇನವ್ವ?" ಎಂದರು ಲಕ್ಕಮ್ಮ.

ದೇವರಾಜುವಿನ ಕಾಲು ಆ ಹೊತ್ತಿಗೆ ಮತ್ತೆ ಊದಿಕೊಳ್ಳತೊಡಗಿತ್ತು. ಮಲಗಲು ಮೂರು ದಿಂಬು ಬೇಕಾಗಿತ್ತು. ಫೋನಿನಲ್ಲಿ ಡಾಕ್ಟರು ಮಾತ್ರೆ ಬದಲಿಸಿದ್ದರು. ಆಸ್ಪತ್ರೆಯ ಮಾತನ್ನು ಕಾಂತರಾಜು ಎತ್ತಲಿಲ್ಲ. ಪ್ರೇಮಕುಮಾರಿಯೂ ಎತ್ತಲಿಲ್ಲ. ಭಾನುವಾರಗಳಲ್ಲಿ ಬಂದು ಅಪ್ಪನ ಕಾಲು ನೀವಿ ಹೋಗುತ್ತಿದ್ದಳು.

ಊಟದ ಹೊತ್ತಿಗೆ ಆಶಾರಾಣಿ ಎರಡು ತಟ್ಟೆ ಒಟ್ಟಿಗೆ ತಂದಳು. ಮಂಚದ ಮೇಲೊಂದು, ಸ್ಟೂಲಿನ ಮೇಲೊಂದು. ಮನೆಯಲ್ಲಿ ಈಗ ಮೊದಲ ಪಂಕ್ತಿ ಅವರಿಬ್ಬರದು. ಸುಬ್ಬಮ್ಮ ಗೊಣಗುವುದನ್ನು ಇನ್ನೂ ಬಿಟ್ಟಿರಲಿಲ್ಲ. "ಮಕ್ಳು ಉಂಡಿಲ್ಲ, ಅತ್ತಿಗೆ ಉಂಡಿಲ್ಲ, ನಾನು ಮೊದ್ಲು ಕೂತ್ಕೊಳ್ಳೋದಾ?"

"ಕೂತ್ಕೊಳ್ಳೇ, ಯಾರಿಗ್ ಬೇಕು ನಿನ್ನ ಮರ್ಯಾದೆ," ಎಂದರು ಲಕ್ಕಮ್ಮ.

ಸುಬ್ಬಮ್ಮ ಮುದ್ದೆಯಿಂದ ಚಿಕ್ಕ ತುತ್ತು ಮುರಿದು, ಹಿಸುಕಿದ ಅವರೆಬೇಳೆ ಸಾರಿಗೆ ಅದ್ದಿ ಬಾಯಿಗಿಟ್ಟರು. ದೇವರಾಜು ಅವರ ಗಂಟಲನ್ನೇ ನೋಡುತ್ತಿದ್ದರು. ಅದು ಒಮ್ಮೆ ಏರಿ ಇಳಿಯಿತು. ಕೈ ಚೊಂಬಿನ ಕಡೆ ಹೋಗಿ, ಬೇಡವೆನಿಸಿ, ತಟ್ಟೆಗೇ ಮರಳಿತು.

"ಧನ್ಯಾ," ಎಂದರು ದೇವರಾಜು. "ಕಡ್ಲೇಕಾಯಿ ಅಧ್ಯಕ್ಷ ಎಂಗವ್ನವ್ವ?"

"ಇದಾರೆ ತಾತ. ಮನೇಲೇ ಇದಾರೆ."

"ಒಬ್ನೇ ಉಣ್ತಾನೇನೋ, ಪಾಪ."

ಅವರು ತಮ್ಮ ಉಪ್ಪಿಲ್ಲದ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಸುಬ್ಬಮ್ಮನ ತಟ್ಟೆಯ ಕಡೆ ಬಾಗಿದರು. "ಇನ್ನೊಂದು ತುತ್ತು ಮುರ್ಕೊ. ಸ್ವಲ್ಪ ದೊಡ್ಡದು. ನಾನು ನೋಡ್ತೀನಿ."

"ನೀವು ಉಣ್ಣಿ ಮೊದ್ಲು," ಎಂದರು ಸುಬ್ಬಮ್ಮ. ಹಾಗೆನ್ನುತ್ತಲೇ ದೊಡ್ಡ ತುತ್ತು ಮುರಿದರು.